ಕಂಟ್ರಾಕ್ಟಿನವರು, ಮನೆಯವರು

ನಾನು ಮಿಲಿಟ್ರಿಯಲ್ಲಿದ್ದೆ ಅಂದ ಕೂಡಲೇ ನಮ್ಮ ಬಡವನಹಳ್ಳಿ ಕಡೆಯ ಜನ ಮೊದಲು ಕೇಳೋದು, ಬಾರ್ಡರಿನಲ್ಲಿದ್ರಾ ಅಂತ. ಇಲ್ಲ, ಗಾಡಿಗಳ ವರ್ಕ್‌ಶಾಪಿನಲ್ಲಿದ್ದೆ ಅಂದರೆ ಮುಖ ಸ್ವಲ್ಪ ಇಳಿಯುತ್ತದೆ. ಆದರೆ ಮರುಕ್ಷಣವೇ ಅರಳುತ್ತದೆ. ಗುಂಡು ಹಾರಿಸುವವನಿಂದ ಊರಿಗೇನೂ ಉಪಯೋಗವಿಲ್ಲ, ಲಾರಿ ರಿಪೇರಿ ಮಾಡುವವನಿಂದ ಇದೆ. "ಅಂಗಾರೆ ನಮ್ ಟ್ರ್ಯಾಕ್ಟ್ರು ವಸಿ ನೋಡಿ ಸಾ, ಬೆಳಿಗ್ಗೆ ಹೊತ್ತು ಸ್ಟಾರ್ಟೇ ಆಗಕಿಲ್ಲ" ಅಂತ ಕೈ ಹಿಡಿದು ಎಳೆಯುತ್ತಾರೆ.

ನನ್ನ ಗ್ರಹಚಾರ ಇಲ್ಲೇ ಶುರುವಾಗೋದು. ನಾನು ಸ್ಪ್ಯಾನರ್ ಹಿಡಿದವನೇ ಅಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಟ್ರಕ್ಕಿನ ಅಡಿಗೆ ನುಗ್ಗಿ ಮೈಯೆಲ್ಲ ಗ್ರೀಸ್ ಮಾಡಿಕೊಳ್ಳುತ್ತಿದ್ದವರು ಬೇರೆ. ನಾನು ಫ್ಯಾನಿನ ಕೆಳಗೆ ಕೂತ ಕ್ಲರ್ಕು. ಈ ಟ್ರಕ್ಕುಗಳನ್ನ ನಮ್ಮ ಹುಡುಗರ ಕೈಯಲ್ಲೇ ನೋಡಿಸಿಕೊಂಡರೆ ಖರ್ಚೆಷ್ಟು, ಹೊರಗಿನ ಕಂಟ್ರಾಕ್ಟರಿಗೆ ವಹಿಸಿದರೆ ಖರ್ಚೆಷ್ಟು ಅಂತ ಎರಡು ಕಾಲಂ ಎಳೆದು, ಹೋಲಿಸಿ, ಯಾವುದು ಅಗ್ಗ ಅಂತ ಮೇಲಿನವರಿಗೆ ಕಳಿಸೋದು ನನ್ನ ಕೆಲಸ. ಕೂದಲು ಬೆಳ್ಳಗಾಗುವವರೆಗೂ ಅದೊಂದೇ ಮಾಡಿದೆ. ಹಾಗಂತ ಊರಿನವರಿಗೆ ಬಿಡಿಸಿ ಹೇಳಿದ್ದೆನಾ? ಇಲ್ಲ. ಟ್ರ್ಯಾಕ್ಟರಿನ ಬಾನೆಟ್ ಎತ್ತಿಸಿ, ಒಳಗೆ ಇಣುಕಿ, "ಹೂಂ... ಇದಕ್ಕೆ ಸರ್ವೀಸ್ ಮಾಡಿಸಬೇಕು" ಅಂತ ಗಂಭೀರವಾಗಿ ಹೇಳಿ ಕೈ ಒರೆಸಿಕೊಂಡು ಬರುತ್ತಿದ್ದೆ. ಸರ್ವೀಸ್ ಬೇಡದ ಟ್ರ್ಯಾಕ್ಟರು ನಮ್ಮ ಸೀಮೆಯಲ್ಲಿ ಇಲ್ಲವಾದ್ದರಿಂದ ನನ್ನ ಮಾತು ಒಂದು ಸಲವೂ ಸುಳ್ಳಾಗಲಿಲ್ಲ.

ಆ ಎರಡು ಕಾಲಮ್ಮಿಗೂ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರಿತ್ತು. ಒಂದು ಸಲ ರಜಾದಲ್ಲಿ ಬಂದಾಗ ನನ್ನ ಹೆಂಡತಿಗೆ ಅದನ್ನ ಕನ್ನಡದಲ್ಲಿ ತಿಳಿಸೋಕೆ ಹೋದೆ. "ಹೊರಗಿನೋರು ಅಂದ್ರೆ ಕಂಟ್ರಾಕ್ಟಿನವರು. ಒಳಗಿನೋರು ಅಂದ್ರೆ ಮನೆಯವರು. ಮನೆಯವರ ಕೈಲಿ ಮಾಡಿಸಿದ್ರೆ ಅಗ್ಗ." ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ, "ಮನೆಯವರ ಕೈಲಿ ಮಾಡಿಸಿದ್ರೆ ಅಗ್ಗ ಅಂತ ಕಂಡುಹಿಡಿಯೋಕೆ ನಿಮ್ಮನ್ನ ಅಷ್ಟು ದೂರ ಕರ್ಕೊಂಡು ಹೋಗಿದ್ರಾ? ನನ್ನ ಕೇಳಿದ್ರೆ ಇಲ್ಲೇ ಹೇಳ್ತಿದ್ದೆ" ಅಂದಳು. ನಾನು ಜೋಕು ಅಂದುಕೊಂಡು ನಕ್ಕೆ. ಅವತ್ತಿನಿಂದ ನನ್ನ ತಲೆಯಲ್ಲಿ ಆ ಕಾಲಮ್ಮುಗಳಿಗೆ ಅದೇ ಹೆಸರು ನಿಂತುಹೋಯಿತು.

ಈ ಲೆಕ್ಕದಲ್ಲಿ ಒಂದು ಮಜಾ ಇದೆ. ಕಂಟ್ರಾಕ್ಟಿನವರ ಕಾಲಮ್ಮಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕೂಲಿ, ಸಾಮಾನು, ಅವರ ಲಾಭ, ತಡ ಮಾಡಿದರೆ ದಂಡ. ಮನೆಯವರ ಕಾಲಮ್ಮಿನಲ್ಲಿ ಅರ್ಧಕ್ಕರ್ಧ ಕಾಣೋದೇ ಇಲ್ಲ. ಸಂಬಳ ಹೇಗೂ ಕೊಡ್ತೀವಲ್ಲ ಅಂತ ಅದನ್ನ ಬಿಟ್ಟುಬಿಟ್ಟರೆ ಮನೆಯವರು ಗೆದ್ದರು. ಶೆಡ್ಡು, ಕರೆಂಟು, ಕೆಲಸವಿಲ್ಲದೆ ಕೂತ ದಿನಗಳು, ಗೋದಾಮಿನಲ್ಲಿ ತುಕ್ಕು ಹಿಡಿದ ಬಿಡಿಭಾಗ ಎಲ್ಲ ಸೇರಿಸಿದರೆ ಕಂಟ್ರಾಕ್ಟಿನವರು ಗೆದ್ದರು. ಯಾರನ್ನು ಗೆಲ್ಲಿಸಬೇಕು ಅನ್ನೋದು ಪೆನ್ಸಿಲ್ ಹಿಡಿದವನ ಕೈಯಲ್ಲಿ. ನಾನದನ್ನ ದೊಡ್ಡ ವಿದ್ಯೆ ಅಂದುಕೊಂಡು ಮೀಸೆ ತಿರುವುತ್ತಿದ್ದೆ. ನಾನು ಪೆನ್ಸಿಲ್ ಕೆಳಗಿಟ್ಟರೆ ದೇಶದ ಟ್ರಕ್ಕೆಲ್ಲ ನಿಂತುಬಿಡುತ್ತವೆ ಅನ್ನುವಷ್ಟು ಕೊಬ್ಬು.

ಪೆನ್ಷನ್ ತಗೊಂಡು ಬಂದು ಕೊರಟಗೆರೆಯಲ್ಲಿ, ಹೆಂಡತಿಯ ತವರಿನ ಪಕ್ಕ, ಮನೆ ಮಾಡಿದೆ. ನನ್ನ ಅಕ್ಕ ಇರೋದು ಬಡವನಹಳ್ಳಿಯಲ್ಲೇ. ಅವಳದ್ದು ನೀರಿನ ವ್ಯಾಪಾರ. ಮನೆ ಹಿಂದಿನ ಬೋರಿನ ನೀರನ್ನ ಫಿಲ್ಟರ್ ಮಾಡಿ, ಲಾರಿಗೆ ತುಂಬಿ, ಪಾವಗಡದ ಕಡೆಗೆ ಒಯ್ಯುತ್ತಾಳೆ. ಆ ಕಡೆ ನೆಲದ ನೀರು ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಲಾರಿಯೂ ಅಂತಿಂಥದ್ದಲ್ಲ, ಮಿಲಿಟ್ರಿಯವರು ಹರಾಜು ಹಾಕಿದ ನೀರಿನ ಟ್ರಕ್ಕು. ಭಾವ ಇದ್ದಾಗ ನಾನೇ ಫೋನಿನಲ್ಲಿ, "ಕಣ್ಣು ಮುಚ್ಕೊಂಡು ತಗೊಳ್ಳಿ ಭಾವ, ಮಿಲಿಟ್ರಿ ಗಾಡಿ ಅಂದ್ರೆ ಕಬ್ಬಿಣ" ಅಂತ ಹುರಿದುಂಬಿಸಿ ಕೊಡಿಸಿದ್ದೆ. ಕಣ್ಣು ಮುಚ್ಚಿಕೊಂಡಿದ್ದವನು ನಾನು, ಗಾಡಿಯ ಫೋಟೋ ಕೂಡ ನೋಡಿರಲಿಲ್ಲ. ಭಾವ ಹೋದ ಮೇಲೆ ಅಕ್ಕ ಒಬ್ಬ ಡ್ರೈವರನ್ನ ಇಟ್ಟುಕೊಂಡು ವ್ಯಾಪಾರ ಮುಂದುವರಿಸಿದಳು. ಪ್ರತಿ ಟ್ರಿಪ್ಪಿಗೂ ತಾನೂ ಕ್ಯಾಬಿನ್ನಿನಲ್ಲಿ ಕೂತು ಹೋಗುತ್ತಾಳೆ.

ಗಾಡಿಯ ರಿಪೇರಿ ನೋಡಿಕೊಳ್ಳುತ್ತಿದ್ದವರು ಶಿರಾದ ಒಬ್ಬ ಸಾಬರು. ಹೈವೇ ಪಕ್ಕದಲ್ಲಿ ಅವರ ಗ್ಯಾರೇಜು. ಅಕ್ಕ ಅವರನ್ನ ಮೇಸ್ತ್ರಿ ಅಂತಾಳೆ, ಅವರು ಅಕ್ಕನನ್ನ ಆಪಾ ಅಂತಾರೆ, ಅವರ ಮಾತಿನಲ್ಲಿ ಅದೂ ಅಕ್ಕ ಅಂತಲೇ. ತಿಂಗಳಿಗೆ ಇಷ್ಟು ಅಂತ ಭಾವನ ಕಾಲದಿಂದಲೂ ಗೊತ್ತು ಮಾಡಿಕೊಂಡಿದ್ದರು. ಗಾಡಿ ಕೆಟ್ಟರೂ ಅಷ್ಟೇ, ಕೆಡದಿದ್ದರೂ ಅಷ್ಟೇ. ಭಾವ ತೀರಿಕೊಂಡಾಗ ನಾನು ರಜಾ ಸಿಕ್ಕಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಅಂಗಳದಲ್ಲಿ ನಿಂತು ಚಪ್ಪರದ ಗಳ ಬಿಚ್ಚಿಸುತ್ತಿದ್ದ ಬಿಳಿ ಟೋಪಿಯವರನ್ನ ನೋಡಿ, ಶಾಮಿಯಾನದವರಿರಬೇಕು ಅಂದುಕೊಂಡಿದ್ದೆ. ಇವರೇ ಅವರು.

ಪೆನ್ಷನ್ ಬಂದ ಹೊಸತರಲ್ಲಿ ಮಾಡೋಕೆ ಕೆಲಸವಿಲ್ಲದೆ ಮೈ ಪರಚಿಕೊಳ್ಳುತ್ತಿದ್ದೆ. ಒಂದು ದಿನ ಅಕ್ಕನ ಮನೆಗೆ ಹೋದಾಗ ಅವಳು ಮುದ್ದೆ ಬಡಿಸುತ್ತಾ, ಮಾತಿಗೆ ಮಾತು ಬಂದು, "ಮೇಸ್ತ್ರಿಗೆ ತಿಂಗ್ಳು ತಿಂಗ್ಳೂ ಕೊಡಾದು ವಸಿ ಭಾರ ಆಯ್ತೈತೆ ಕಣ್ಲಾ" ಅಂದಳು. ಅಷ್ಟು ಸಾಕಾಯಿತು. ಊಟ ಮುಗಿಯುವುದನ್ನೂ ಕಾಯಲಿಲ್ಲ, ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಜಗುಲಿಯ ಮೇಲೆ ಕೂತು ಎರಡು ಕಾಲಂ ಎಳೆದೆ. ಒಂದರ ತಲೆಗೆ ಕಂಟ್ರಾಕ್ಟಿನವರು, ಇನ್ನೊಂದರ ತಲೆಗೆ ಮನೆಯವರು. ಮೇಸ್ತ್ರಿಯನ್ನ ಮೊದಲನೆಯದಕ್ಕೆ ಹಾಕಿ, ಇದ್ದಬದ್ದ ಖರ್ಚೆಲ್ಲ ಅವರ ಮೇಲೆ ಹೇರಿದೆ. ಎರಡನೆಯದರಲ್ಲಿ ಆಯಿಲ್ಲು, ಫಿಲ್ಟರ್ರು, ಸಣ್ಣಪುಟ್ಟ ಸಾಮಾನು. ಕೂಲಿ ಅನ್ನುವ ಕಡೆ ಸೊನ್ನೆ.

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. "ಮನೇರು ಅಂತ ಬರ್ದಿದೀಯಲ್ಲ, ಮನೇರು ಅಂದ್ರೆ ಯಾರ್ಲಾ?"

"ಯಾಕಕ್ಕ, ನಾನಿಲ್ವಾ?" ಅಂತ ಎದೆ ಮುಟ್ಟಿಕೊಂಡೆ.

ಅಯ್ಯೋ, ಆ ಕೈ ಅಲ್ಲೇ ಸೇದಿಹೋಗಬಾರದಿತ್ತಾ! ಅಕ್ಕನ ಮುಖ ನೀವು ನೋಡಬೇಕಿತ್ತು. ದೀಪ ಹಚ್ಚಿದ ಹಾಗೆ ಬೆಳಗಿತು. "ನಿಜ್ವಾಗ್ಲೂ ಬತ್ತೀಯೇನ್ಲಾ? ಕೊರಟಗೆರೆಯಿಂದ?"

"ಒಂದು ಫೋನ್ ಹಾಕು, ಓಡಿ ಬತ್ತೀನಿ. ಇಷ್ಟು ವರ್ಷ ಮಿಲಿಟ್ರೀಲಿ ಇದ್ದು ನನ್ನಕ್ಕನ ಗಾಡಿ ನೋಡ್ಕಳಕೆ ಆಗಲ್ವಾ?"

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಮೇಸ್ತ್ರಿಗೆ ಫೋನ್ ಮಾಡಿ ತಿಳಿಸಿದವನೂ ನಾನೇ. ಆಫೀಸಿನ ಗತ್ತಿನಲ್ಲಿ, ಮುಂದಿನ ತಿಂಗಳಿಂದ ನಿಮ್ಮ ಸೇವೆಯ ಅಗತ್ಯವಿರುವುದಿಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ. "ಬಹುತ್ ಅಚ್ಛಾ ಸಾರ್. ತಮ್ಮ ಬಂದ್ಬುಟ್ಟವ್ನೆ ಅಂತ ಆಪಾ ಮೊನ್ನೇನೇ ಖುಷಿಯಾಗಿ ಹೇಳಿದ್ರು. ಒಂದು ಮಾತು ಸಾರ್, ಆ ಡೀಸೆಲ್ ಫಿಲ್ಟರ್ ಹತ್ರ ಒಂದು ವಾಷರ್ ಐತೆ, ಅದನ್ನ ಮಾತ್ರ..." ಅನ್ನುತ್ತಿದ್ದರು. "ನಮಗೆ ಗೊತ್ತು ಬಿಡಿ" ಅಂತ ಫೋನಿಟ್ಟೆ. ಏನು ಗೊತ್ತಿತ್ತು ನನ್ನ ತಲೆ!

ಮುಂದಿನ ವಾರವೇ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಆ ಡೀಸೆಲ್ ಫಿಲ್ಟರನ್ನೇ ಬದಲಾಯಿಸಿದೆ. ಬೇರೆ ಏನನ್ನಾದರೂ ಮುಟ್ಟಬಹುದಿತ್ತು, ಹಾರನ್ನು, ಸೀಟು, ಕನ್ನಡಿ. ಆದರೆ ವಿಡಿಯೋದಲ್ಲಿ ಅದು ಸುಲಭವಾಗಿ ಕಂಡಿತು. ಬಿಚ್ಚಿದೆ, ಹೊಸದು ಹಾಕಿದೆ, ಕೈಲಾದಷ್ಟು ಬಿಗಿದೆ. ಮೂಗಿನ ಮೇಲೆ ಸ್ವಲ್ಪ ಗ್ರೀಸ್ ಬೇಕೆಂತಲೇ ಸವರಿಕೊಂಡು ಡ್ರೈವರ್ ಕೈಲಿ ಫೋಟೋ ತೆಗೆಸಿ ವರ್ಕ್‌ಶಾಪಿನ ಹಳೇ ಗೆಳೆಯರ ಗುಂಪಿಗೆ ಹಾಕಿದೆ. ಅಲ್ಲೊಬ್ಬ ಮೆಕ್ಯಾನಿಕ್ಕು, "ಫೋಟೋ ಚೆನ್ನಾಗಿದೆ, ಫಿಲ್ಟರ್ ಹಾಕಿದ್ದು ಯಾರು?" ಅಂತ ಕೇಳಿದ. ಹೊಟ್ಟೆಕಿಚ್ಚು ಅಂದುಕೊಂಡೆ.

ಅದಾದ ಸ್ವಲ್ಪ ದಿನಕ್ಕೆ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹಟ ಮಾಡತೊಡಗಿತು. ನಾನು ಬ್ಯಾಟರಿ ಅಂದೆ. ಹೊಸ ಬ್ಯಾಟರಿ ಬಂತು. ಹಟ ಹೋಗಲಿಲ್ಲ. ಒಂದು ದಿನ ಡ್ರೈವರು ಬೆವರು ಸುರಿಸಿ ಸ್ಟಾರ್ಟ್ ಮಾಡುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದು, ಪಾವಗಡದ ರಸ್ತೆಯ ಹಾಸ್ಟೆಲ್ಲಿಗೆ ನೀರು ಮುಟ್ಟಿದ್ದು ಮಕ್ಕಳ ಊಟವೆಲ್ಲ ಮುಗಿದ ಮೇಲೆ. ಅಕ್ಕನ ವ್ಯಾಪಾರ ನಿಂತಿದ್ದೇ ಆ ಹಾಸ್ಟೆಲ್ಲಿನ ಮೇಲೆ. ಮಿಕ್ಕ ಗಿರಾಕಿಗಳು ಮದುವೆ, ಗೃಹಪ್ರವೇಶ ಅಂತ ಬಂದಾಗ ಬಂದರು, ಹೋದಾಗ ಹೋದರು. ಹಾಸ್ಟೆಲ್ ಕೈಬಿಟ್ಟರೆ ಲಾರಿ ಮನೆ ಮುಂದೆ ನಿಲ್ಲಿಸಿ ಬಟ್ಟೆ ಒಣಹಾಕಬೇಕು ಅಷ್ಟೇ. ವಾರ್ಡನ್ ಫೋನಿನಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈದರು. "ಏಮಮ್ಮಾ ಇದಿ, ಪರೀಕ್ಷೆ ಟೈಮು. ಪಿಲ್ಲಲು ಇಲ್ಲಿ ಬೋರ್ ನೀರು ಕುಡ್ದು ಹೊಟ್ಟೆ ಕೆಡಿಸ್ಕೊಂಡ್ರೆ ನಾನ್ ಏನ್ ಚೇಯಾಲಿ? ಇನ್ನೊಂದ್ಸಲ ಇಂಗಾದ್ರೆ ಹಿಂದೂಪುರದ ನೀರಿನೋರಿಗೆ ಹೇಳ್ಬುಡ್ತೀನಿ, ಆಮೇಲೆ ನನ್ನ ಕೇಳ್ಬೇಡಿ."

ಅಕ್ಕ ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿ, "ಮೇಸ್ತ್ರೀನ ಒಂದು ಮಾತು ಕೇಳನೇನ್ಲಾ?" ಅಂದಳು. ನನಗೆ ರೋಷ ಬಂತು. ಬೇಕಾಗಿಲ್ಲ, ನಾಳೆ ನಾನೇ ಗಾಡಿ ಜೊತೆ ಬತ್ತೀನಿ ಅಂದೆ.

ಬಂದೆ. ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ಹತ್ತಿಕೊಂಡೆ. ಕಾಲಿಗೆ ಪಾಲಿಶ್ ಮಾಡಿದ ಮಿಲಿಟ್ರಿ ಬೂಟು, ಕೈಯಲ್ಲಿ ಹೊಸದಾಗಿ ಕೊಂಡ ಸ್ಪ್ಯಾನರ್ ಸೆಟ್ಟು. ಅದರ ಪ್ಲಾಸ್ಟಿಕ್ ಕವರು ಇನ್ನೂ ಹರಿದಿರಲಿಲ್ಲ. ಏಕಶಿಲೆಯ ಬೆಟ್ಟ ಹಿಂದೆ ಸರಿದು, ಪಾವಗಡದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿತ್ತು ನೋಡಿ, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಡ್ರೈವರು ಇಳಿದು ಏನೋ ತಿರುಗಿಸಿ, ಪಂಪು ಒತ್ತಿ, ಮತ್ತೆ ಹೊರಡಿಸಿದ. ಒಂದು ಹುಣಸೆಮರದ ತನಕ ಬಂದು ಮತ್ತೆ ನಿಂತಿತು. ಡ್ರೈವರು ಮೆಲ್ಲಗೆ, "ಸಾ, ಡೀಸೆಲ್ ಜೊತೆ ಎಲ್ಲೋ ಗಾಳಿ ಎಳ್ಕತಾ ಐತೆ. ಇದು ನನ್ ಕೈಲಿ ಆಗಾದಲ್ಲ, ಮೇಸ್ತ್ರಿಗೆ ಫೋನ್ ಹಾಕನಾ?" ಅಂದ.

"ಏನೂ ಬ್ಯಾಡ, ನಾನಿಲ್ವಾ?" ಮತ್ತೆ ಅದೇ ಮಾತು!

ಬಾನೆಟ್ ಎತ್ತಿಸಿದೆ. ಒಳಗಿದ್ದದ್ದೆಲ್ಲ ಕರ್ರಗೆ, ಬಿಸಿಯಾಗಿ, ಒಂದಕ್ಕೊಂದು ಸುತ್ತಿಕೊಂಡಿತ್ತು. ಎಷ್ಟು ವರ್ಷ ಇವುಗಳ ಹೆಸರನ್ನ ಬರೆದಿದ್ದೇನೆ, ರೇಟು ಹಾಕಿದ್ದೇನೆ, ಆದರೆ ಯಾವುದು ಯಾವುದು ಅಂತ ಒಂದಕ್ಕೂ ಮುಖಪರಿಚಯವಿಲ್ಲ. ಸ್ಪ್ಯಾನರ್ ಸೆಟ್ಟಿನ ಕವರನ್ನ ಹಲ್ಲಿನಿಂದ ಹರಿದೆ. ಯಾವ ಸೈಜು ತೆಗೆಯಬೇಕೋ ತಿಳಿಯದೆ ಎಲ್ಲಕ್ಕಿಂತ ದೊಡ್ಡದನ್ನ ಹಿಡಿದು ನಿಂತೆ. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಲ್ಲಿಸಿ, ಕ್ಯಾಬಿನ್ನಿನಲ್ಲಿದ್ದ ಅಕ್ಕನಿಗೆ, "ಏನಾಯ್ತಮ್ಮ, ಸಹಾಯ ಬೇಕಾ?" ಅಂದರು. ನನ್ನ ಬೂಟು ನೋಡಿ, "ಓ, ಮಿಲಿಟ್ರಿಯೋರೇ ಅವ್ರೆ, ನಮ್ದೇನು ಬುಡಿ" ಅಂತ ಹೊರಟೇಹೋದರು. ಹೋಗಬೇಡ್ರಪ್ಪಾ ಅಂತ ಕೂಗೋಣ ಅನ್ನಿಸಿತು, ಮರ್ಯಾದೆ ಬಿಡಲಿಲ್ಲ. ಡ್ರೈವರು ಒಂದಕ್ಕೆ ಹೋಗ್ತೀನಿ ಅಂತ ಮರದ ಹಿಂದಕ್ಕೆ ಹೋದವನು ಬಹಳ ಹೊತ್ತು ಬರಲಿಲ್ಲ.

ಅಕ್ಕ ಕ್ಯಾಬಿನ್ನಿನಿಂದ ಇಳಿದು ಬಂದು ನನ್ನ ಪಕ್ಕ ನಿಂತಳು. ಸ್ಪ್ಯಾನರು ನೋಡಿದಳು, ನನ್ನ ಮುಖ ನೋಡಿದಳು.

"ಲೇ, ನಿಜ ಹೇಳು. ನೀನು ಮಿಲಿಟ್ರೀಲಿ ಏನ್ ಮಾಡ್ತಿದ್ದೆ?"

"ಲೆಕ್ಕ ಕಣಕ್ಕ."

"ಯಾವುದ್ರ ಲೆಕ್ಕ?"

"ಗಾಡಿ ರಿಪೇರೀನ ಯಾರ ಕೈಲಿ ಮಾಡಿಸಿದ್ರೆ ಎಷ್ಟಾಗುತ್ತೆ ಅಂತ."

"ರಿಪೇರಿ ಮಾಡ್ತಿದ್ದೋರು?"

"ಅವ್ರು ಬೇರೆ ಇದ್ರು."

ಅಕ್ಕ ಮೊದಲು ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಥಾ ಮುಂಡೇದೋ ನೀನು, ಊರ್ ಟ್ರ್ಯಾಕ್ಟ್ರೆಲ್ಲ ನೋಡ್ಬುಟ್ಟೆಯಲ್ಲೋ!" ನಾನೂ ನಗಬೇಕು ಅನ್ನುವಷ್ಟರಲ್ಲಿ ಅವಳ ನಗು ನಿಂತುಹೋಯಿತು. ಮರದ ಬೊಡ್ಡೆಗೆ ಒರಗಿ ಕುಸಿದು ಕೂತಳು. "ಹಾಸ್ಟೆಲ್ ಹೋಯ್ತು ಕಣ್ಲಾ. ನಿಮ್ಮ ಭಾವ ಕಟ್ಟಿದ್ದು, ನನ್ ಕಣ್ ಮುಂದೇನೇ ಹೋಯ್ತು." ಅವಳ ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಭಯಕ್ಕೆ ಹಾಗಾಗಿದೆ ಅಂದುಕೊಂಡೆ. ಏನು ಮಾಡಬೇಕೋ ತೋಚದೆ, ನನ್ನ ಟೋಪಿ ತೆಗೆದು ಅವಳಿಗೆ ಗಾಳಿ ಹಾಕುತ್ತಾ ಕೂತೆ. ಬಿಸಿಲು ಏರುತ್ತಲೇ ಹೋಯಿತು. ವಾರ್ಡನ್ ಎರಡು ಸಲ ಫೋನ್ ಮಾಡಿದರು, ಅಕ್ಕ ಎತ್ತಲಿಲ್ಲ.

ಕೊನೆಗೆ ಮಧುಗಿರಿ ಕಡೆಯಿಂದ ಒಂದು ಹಳೇ ಸ್ಕೂಟರು ಬಡಬಡಿಸುತ್ತಾ ಬಂತು. ಮೇಲೆ ಬಿಳಿ ಟೋಪಿ. ಡ್ರೈವರು ಮರದ ಹಿಂದೆ ಹೋಗಿದ್ದು ಫೋನ್ ಮಾಡೋಕೆ ಅಂತ ಆಗ ತಿಳಿಯಿತು. ಶಿರಾದಿಂದ ಅಷ್ಟು ದೂರ, ಆ ಬಿಸಿಲಿನಲ್ಲಿ ಬಂದ ಮೇಸ್ತ್ರಿ ಎತ್ತಿಟ್ಟ ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಅಕ್ಕನ ಹತ್ತಿರ ಬಂದು ಚೀಲದಿಂದ ಬಾಳೆಹಣ್ಣು, ಬನ್ನು ತೆಗೆದರು.

"ಏನೂ ತಿಂದಿಲ್ಲ ಅಲ್ವಾ ಆಪಾ? ಮೊದ್ಲು ಇದನ್ನ ತಿನ್ನಿ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೇಲಿ ಹಿಂಗೆ ಕೂತ್ಕತಾರಾ ಯಾರಾದ್ರೂ?"

"ಶುಗರ್ರಾ? ಯಾರಿಗೆ?" ಅಂದವನು ನಾನು.

ಅಕ್ಕ ಬಾಳೆಹಣ್ಣು ಬಾಯಿಗಿಟ್ಟುಕೊಂಡೇ, "ನಂಗೇ ಕಣ್ಲಾ. ಎಷ್ಟೋ ವರ್ಸ ಆಯ್ತು" ಅಂದಳು.

"ನನಗೆ ಹೇಳೇ ಇಲ್ವಲ್ಲಕ್ಕ?"

"ದೂರದಲ್ಲಿದ್ದೋನಿಗೆ ಹೇಳಿ ಯಾಕ್ ಗಾಬರಿ ಮಾಡಾದು ಅಂತ ಸುಮ್ನಾದೆ. ಮನೇರಿಗೆಲ್ಲ ಗೊತ್ತಿತ್ತಲ್ಲ, ಸಾಕು ಬುಡು."

ಅವಳು ಚುಚ್ಚೋಕೆ ಅಂತ ಹೇಳಿದ್ದಲ್ಲ. ಬನ್ನು ಮುರಿಯುತ್ತಾ ಹೇಳಿದ ಮಾತು. ಹಾಗೆ ಹೇಳಿದ್ದಕ್ಕೇ ನನಗೆ ಜಾಸ್ತಿ ನಾಟಿತು. ಕೊರಟಗೆರೆಗೆ ಬಂದು ಮನೆ ಮಾಡಿ ಅಷ್ಟು ದಿನವಾಗಿತ್ತು, ದೂರದಲ್ಲಿದ್ದೆ ಅನ್ನೋಕೂ ಬಾಯಿ ಬರಲಿಲ್ಲ.

ಅಕ್ಕನ ಕೈನಡುಕ ನಿಂತಿದ್ದನ್ನ ನೋಡಿಕೊಂಡೇ ಮೇಸ್ತ್ರಿ ಗಾಡಿಯ ಕಡೆ ಎದ್ದರು. ಅಂಗಿ ಜೇಬಿನಿಂದ ಒಂದು ತಾಮ್ರದ ವಾಷರು ತೆಗೆದರು. ನಾನು ಹಾಕಿದ್ದ ಫಿಲ್ಟರನ್ನ ಬಿಚ್ಚಿದರು. ಇಷ್ಟೇ ಅಂದರು, "ಸಾರ್, ಇದನ್ನ ವಸಿ ಹಿಡ್ಕಳ್ತೀರಾ?" ನಾನು ಎರಡು ಕೈಯಲ್ಲೂ ಹಿಡಿದುಕೊಂಡೆ. ಗಾಡಿ ಸ್ಟಾರ್ಟಾದಾಗ ಡ್ರೈವರು ಶಿಳ್ಳೆ ಹೊಡೆದ. ಇನ್ನೆಲ್ಲಾದರೂ ನಿಂತೀತು ಅಂತ ಮೇಸ್ತ್ರಿ ಸ್ಕೂಟರಿನಲ್ಲಿ ಹಿಂದೆಯೇ ಬಂದರು.

ಹಾಸ್ಟೆಲ್ಲಿನ ಗೇಟಿನಲ್ಲಿ ವಾರ್ಡನ್ ಫೋನ್ ಹಿಡಿದುಕೊಂಡೇ ನಿಂತಿದ್ದರು. ಒಳಗೆ ಮಕ್ಕಳು ತಟ್ಟೆ ಬಡಿಯುವ ಸದ್ದು. "ಹಿಂದೂಪುರದೋರ ನಂಬರ್ ಒತ್ತೋನಿದ್ದೆ ನೋಡಮ್ಮ, ಮೀ ಅದೃಷ್ಟಂ ಬಾಗುಂದಿ" ಅಂದರು. ಮೇಸ್ತ್ರಿ ಮಾತಿಗೆ ನಿಲ್ಲದೆ ಪೈಪು ಎಳೆದುಕೊಂಡು ತೊಟ್ಟಿಯ ಕಡೆ ಹೋದರು. ನೀರು ಬೀಳೋ ಸದ್ದು ಕೇಳಿದ ಮೇಲೆ ವಾರ್ಡನ್ ಸ್ವಲ್ಪ ತಣ್ಣಗಾದರು.

"ನೋಡಮ್ಮ, ನಿಮ್ಮನ್ನ ಬುಡೋಕೆ ನಂಗೂ ಮನಸ್ಸಿಲ್ಲ. ಆದ್ರೆ ನೀವು ಫೋನ್ ಎತ್ತಲ್ಲ. ಒಂದ್ ಕೆಲ್ಸ ಮಾಡಿ. ನಿಮ್ಮ ಮನೆಯವರು ಯಾರಾದ್ರೂ ಒಬ್ಬರ ನಂಬರ್ ಕೊಡಿ. ಗಾಡಿ ನಿಂತ್ರೆ, ತಡ ಆದ್ರೆ, ನಾನು ಅವರಿಗೆ ಮಾಡ್ತೀನಿ. ಅವರು ಜವಾಬು ಕೊಡೋ ಹಂಗಿದ್ರೆ ನಿಮ್ದೇ ನಡೀಲಿ."

ನಾನು ಒಂದು ಹೆಜ್ಜೆ ಮುಂದೆ ಬಂದೆ. ಅಷ್ಟೆಲ್ಲ ಆದ ಮೇಲೂ ಬಂದೆ ನೋಡಿ, ಇಂಥಾ ಭಂಡ ನಾನು. ಗಂಟಲು ಸರಿಮಾಡಿಕೊಂಡೆ, ನನ್ನ ನಂಬರಿನ ಮೊದಲ ಅಂಕಿ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ, ಪೈಪು ಹಿಡಿದಿದ್ದ ಮೇಸ್ತ್ರಿಯ ಕಡೆ ಕಣ್ಣಿಟ್ಟುಕೊಂಡೇ, ನಂಬರು ಹೇಳೋಕೆ ಶುರುಮಾಡಿದಳು. ಫೋನು ತೆಗೆದು ಹುಡುಕಲಿಲ್ಲ, ತಡವರಿಸಲಿಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಪೂರ್ತಿ ನಂಬರು. ಅದು ನನ್ನದಲ್ಲ.

ವಾರ್ಡನ್ ಜೇಬು ತಡಕಿದರು, ಪೆನ್ನಿರಲಿಲ್ಲ. ನನ್ನ ಅಂಗಿಯಲ್ಲಿ ಪೆನ್ನು ಕಂಡು, "ಸಾರ್, ಕೊಂಚೆಂ ಬರ್ಕೊಡಿ" ಅಂತ ಒಂದು ಚೀಟಿ ಮುಂದೆ ಹಿಡಿದರು. ಅಕ್ಕ ಇನ್ನೊಂದು ಸಲ ಹೇಳಿದಳು, ನಾನು ಬರೆದೆ. ಹೆಸರೇನಂತ ಹಾಕಲಿ ಅಂತ ಕೇಳಿದೆ. "ಮನೇರು ಅಂತಾನೇ ಹಾಕು" ಅಂದಳು.

ಹಾಕಿದೆ. ಅಕ್ಷರ ಭಾಳ ದುಂಡಗಿದೆ ಅಂತ ವಾರ್ಡನ್ ಹೊಗಳಿದರು.